ಕಣದಲ್ಲಿ ಉಳಿದ ಕಾಳು

ಸುಗ್ಗಿಯ ಕಾಲದಲ್ಲಿ ರೈತನು ಕಣದಲ್ಲಿ ಬಿದ್ದಿರುವ ರಾಶಿಯನ್ನು ನೋಡಿ ಅಷ್ಟಕ್ಕೇ ಹಿಗ್ಗುವುದಿಲ್ಲ. ಗಾಳಿ ಬಂದಾಗ ತೂರಿ, ಹೊಟ್ಟನ್ನೂ ಕಾಳನ್ನೂ ಬೇರ್ಪಡಿಸಿದ ಮೇಲೆಯೇ ವರ್ಷದ ದುಡಿಮೆ ಎಷ್ಟು ಫಲಿಸಿತೆಂಬುದು ಅವನಿಗೆ ತಿಳಿಯುತ್ತದೆ. ಶಾಲೆಗೂ ಇಂತಹ ಒಂದು ಕಣವುಂಟು. ಅದೇ ವರ್ಷಾಂತ್ಯದ ಕಾಲ. ವರ್ಷದುದ್ದಕ್ಕೂ ಕೇಳಿದ, ಓದಿದ, ಬರೆದ ಪಾಠಗಳೆಲ್ಲ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ರಾಶಿಯಾಗಿ ಎದುರು ನಿಲ್ಲುತ್ತವೆ. ಆ ರಾಶಿಯಲ್ಲಿ ನಮ್ಮದಾಗಿ ಉಳಿಯುವ ಕಾಳೆಷ್ಟು, ಗಾಳಿಗೆ ಹಾರಿಹೋಗುವ ಹೊಟ್ಟೆಷ್ಟು ಎಂಬುದನ್ನು ನಾವೇ ತೂರಿ ನೋಡಬೇಕು. ಬೇರೆಲ್ಲ ವಿಷಯಗಳಿಗಿಂತ ಇಂಗ್ಲಿಷ್ ತರಗತಿಯಲ್ಲಿ ಈ ಕೆಲಸ ಹೆಚ್ಚು ಅಗತ್ಯವಾದುದು.

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಸೀಮೆಯನ್ನೇ ನೋಡಿ. ಒಂದು ಕಡೆ ಕಾವೇರಿಯ ನಾಲೆಗಳಿಂದ ಹಸುರಾದ ಗದ್ದೆಗಳು. ಒಂದು ಕಡೆ ಹೊಗೆಸೊಪ್ಪಿನ ಹೊಲಗಳು. ಇನ್ನೊಂದು ಕಡೆ ಕಬಿನಿಯ ನೀರು, ನಾಗರಹೊಳೆಯ ಕಾಡು. ಇಲ್ಲಿಯ ಹಳ್ಳಿಗಳಿಂದ ಪ್ರೌಢಶಾಲೆಗೆ ಬರುವ ಮಕ್ಕಳಲ್ಲಿ ಅನೇಕರು ತಮ್ಮ ಮನೆತನದಲ್ಲಿ ಇಂಗ್ಲಿಷ್ ಪುಸ್ತಕವನ್ನು ಕೈಗೆತ್ತಿಕೊಂಡ ಮೊದಲಿಗರು. ತರಗತಿಯ ಗಂಟೆ ಬಾರಿಸಿತೆಂದರೆ ಆ ನುಡಿ ಅವರ ಕಿವಿಯಿಂದ ದೂರವಾಗುತ್ತದೆ. ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಕೇಳುವುದು ಕನ್ನಡ. ಕೆಲವರ ಮನೆಗಳಲ್ಲಿ ಉರ್ದು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರ ನುಡಿ. ಹೀಗಿರುವಾಗ ಪರೀಕ್ಷೆ ಹತ್ತಿರವಾದಂತೆ ವಿದ್ಯಾರ್ಥಿಗೆ ಒಂದೇ ದಾರಿ ಕಾಣುತ್ತದೆ. ಗೈಡು ಪುಸ್ತಕದಲ್ಲಿರುವ ಉತ್ತರಗಳನ್ನು ಉರುಹೊಡೆಯುವುದು, ಪರೀಕ್ಷೆಯಲ್ಲಿ ಒಪ್ಪಿಸಿಬರುವುದು, ಮರುದಿನ ಮರೆಯುವುದು.

ಈ ಗಿಳಿಪಾಠದಿಂದ ಅಂಕಗಳು ಬರಲಾರವೆಂದಲ್ಲ. ಆದರೆ ಪ್ರಶ್ನೆಯಲ್ಲಿ ಒಂದು ಪದ ಬದಲಾದರೆ ಸಾಕು, ಉರುಹೊಡೆದ ಉತ್ತರದ ಗೋಡೆ ಕುಸಿಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಮುಂದೆ ಕಾದಿರುತ್ತದೆ. ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಓದಿ ಕಾಲೇಜಿಗೆ ಹೋದ ಹುಡುಗಿಗೆ ಅಲ್ಲಿ ಅದೇ ವಿಜ್ಞಾನ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಆಗ ಕಂಠಪಾಠದ ವಾಕ್ಯಗಳು ನೆರವಿಗೆ ಬರುವುದಿಲ್ಲ. ಚೆನ್ನಾಗಿ ಓದುತ್ತಿದ್ದವಳು ತರಗತಿಯಲ್ಲಿ ಬಾಯಿ ಬಿಡದೆ ಕುಳಿತು, ತನಗೆ ಬುದ್ಧಿ ಸಾಲದೆಂದು ಭಾವಿಸುತ್ತಾಳೆ. ದೋಷ ಅವಳ ಬುದ್ಧಿಯದಲ್ಲ, ಅಭ್ಯಾಸ ಮಾಡಿದ ಕ್ರಮದ್ದು. ಆ ಕ್ರಮವನ್ನು ತಿದ್ದಿಕೊಳ್ಳಲು ಒಂಬತ್ತನೆಯ ತರಗತಿಯ ವರ್ಷಾಂತ್ಯಕ್ಕಿಂತ ಒಳ್ಳೆಯ ಕಾಲ ಬೇರೊಂದಿಲ್ಲ.

ಹಾಗಾದರೆ ಮೇಲ್ಮಟ್ಟದ ಇಂಗ್ಲಿಷ್ ಅಭ್ಯಾಸವೆಂದರೆ ಯಾವುದು? ಉದ್ದವಾದ ಪದಗಳನ್ನು ಬಳಸುವುದಲ್ಲ. ಅನ್ಯರ ಉಚ್ಚಾರವನ್ನು ಅನುಕರಿಸುವುದೂ ಅಲ್ಲ. ತಾನು ಕಂಡದ್ದನ್ನು ಆ ನುಡಿಯಲ್ಲಿ ಹೇಳಲು, ಆ ನುಡಿಯಲ್ಲಿ ಓದಿದ್ದನ್ನು ತನ್ನ ನುಡಿಗೆ ತರಲು ಶಕ್ತಿ ಬರುವುದೇ ಮೇಲ್ಮಟ್ಟ. ಇದಕ್ಕಾಗಿ ವರ್ಷದ ಕೊನೆಯ ಎರಡು ತಿಂಗಳುಗಳಲ್ಲಿ ಮೂರು ಕೆಲಸಗಳನ್ನು ಮಾಡಬಹುದು: ಓದಿದ್ದನ್ನು ಮತ್ತೆ ಓದುವುದು, ಅನುವಾದಿಸುವುದು, ಸ್ವಂತವಾಗಿ ಬರೆದು ತಿದ್ದುವುದು.

ಮೊದಲನೆಯದು ಮರು ಓದು. ವರ್ಷದಲ್ಲಿ ಓದಿದ ಪಾಠಗಳಲ್ಲಿ ಮನಸ್ಸಿಗೆ ಹಿಡಿಸಿದ ಒಂದನ್ನು ಆರಿಸಿ, ಪ್ರಶ್ನೋತ್ತರಗಳ ಗೊಡವೆಯಿಲ್ಲದೆ, ಗಟ್ಟಿಯಾಗಿ ಆದಿಯಿಂದ ಅಂತ್ಯದವರೆಗೆ ಓದಬೇಕು. ಜೂನ್ ತಿಂಗಳಲ್ಲಿ ಕಗ್ಗಂಟಾಗಿದ್ದ ವಾಕ್ಯ ಮಾರ್ಚ್ ತಿಂಗಳಲ್ಲಿ ತಾನಾಗಿ ಬಿಚ್ಚಿಕೊಳ್ಳುವುದುಂಟು. ಹಾಗೆ ಬಿಚ್ಚಿಕೊಂಡ ವಾಕ್ಯಗಳೇ ಆ ವರ್ಷದ ನಿಜವಾದ ಗಳಿಕೆ.

ಎರಡನೆಯದು ಅನುವಾದ. ಈ ಕೆಲಸದ ಹಿರಿಮೆಯನ್ನು ತೋರಿಸಿಕೊಟ್ಟವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು. 1911ರಲ್ಲಿ ಧಾರವಾಡದಲ್ಲಿ ಮಾಡಿದ ಭಾಷಣದಲ್ಲಿ ಅವರು ಕನ್ನಡ ತಲೆಯೆತ್ತುವ ಬಗೆ ಯಾವುದೆಂದು ಚರ್ಚಿಸಿದರು. ತಾವು ತರಗತಿಯಲ್ಲಿ ಪಾಠ ಹೇಳುತ್ತಿದ್ದ ಸಾಹಿತ್ಯವನ್ನು ಕನ್ನಡಕ್ಕೆ ತರುವ ಹೊಣೆಯನ್ನು ತಾವೇ ಹೊತ್ತರು. 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟವಾಯಿತು. ಇಂಗ್ಲಿಷ್ ಕಲಿಸುವ ಗುರುಗಳೇ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೆರೆದುದು ನಮ್ಮ ಸಾಹಿತ್ಯದ ಒಂದು ಸೊಗಸಾದ ಸಂಗತಿ.

ಆ ಸಂಗ್ರಹದಲ್ಲಿ ಒಂದು ಪ್ರಾರ್ಥನಾಗೀತೆಯಿದೆ. ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಧರ್ಮಗುರು 1833ರಲ್ಲಿ ಮೆಡಿಟರೇನಿಯನ್ ಸಮುದ್ರದಲ್ಲಿ ಊರಿಗೆ ಹಿಂದಿರುಗುತ್ತಿದ್ದಾಗ, ಗಾಳಿಯಿಲ್ಲದೆ ಹಡಗು ನಿಂತ ವೇಳೆಯಲ್ಲಿ ರಚಿಸಿದ ಗೀತೆ ಅದು. ಇರುಳಿನಲ್ಲಿ ದಾರಿ ಕಾಣದವನು ಬೆಳಕಿಗೆ ಮೊರೆಯಿಡುವ ಆ ಗೀತೆ ಶ್ರೀಯವರ ಕನ್ನಡದಲ್ಲಿ ನಾಡಿನ ಎಷ್ಟೋ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ಅದನ್ನು ಹಾಡಿದ ಮಕ್ಕಳಲ್ಲಿ ಬಹುಮಂದಿಗೆ ಅದು ಇನ್ನೊಂದು ನುಡಿಯಿಂದ ಬಂದದ್ದೆಂಬುದೇ ತಿಳಿದಿರಲಿಲ್ಲ. ನಾಟಿ ಮಾಡಿದ ಪೈರು ಹೊಸ ಗದ್ದೆಯಲ್ಲಿ ಬೇರುಬಿಟ್ಟು ಅಲ್ಲಿಯದೇ ಆಗುವಂತೆ ಆ ಗೀತೆ ಕನ್ನಡದ್ದೇ ಆಯಿತು.

ಇದಕ್ಕೆ ಎದುರುಮುಖವಾದ ಇನ್ನೊಂದು ನಿದರ್ಶನವೂ ಮೈಸೂರಿನದೇ. ಅಲ್ಲಿ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರು ಮೊದಲು ಇಂಗ್ಲಿಷಿನಲ್ಲಿಯೇ ಕವಿತೆ ಬರೆಯುತ್ತಿದ್ದರು. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಟ್ಟ ಸಂಗ್ರಹ ಅಚ್ಚಾಯಿತು. ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಅವರು ಮೈಸೂರಿಗೆ ಬಂದಿದ್ದಾಗ ಆ ತರುಣನ ಕವಿತೆಗಳನ್ನು ನೋಡಿ, ಮಾತೃಭಾಷೆಯಲ್ಲಿ ಬರೆಯುವಂತೆ ಸಲಹೆಯಿತ್ತರು. ಕುವೆಂಪು ಕನ್ನಡಕ್ಕೆ ತಿರುಗಿದರು. ಆದರೆ ಇಂಗ್ಲಿಷಿನ ಓದನ್ನು ಬಿಡಲಿಲ್ಲ. ವರ್ಡ್ಸ್‌ವರ್ತ್, ಮಿಲ್ಟನ್ ಮೊದಲಾದವರನ್ನು ಓದಿ ಪಡೆದ ಸಂಸ್ಕಾರ ಅವರ ಕನ್ನಡಕ್ಕೆ ಗೊಬ್ಬರವಾಯಿತು. ಒಂದು ನುಡಿಯನ್ನು ಕಲಿಯಲು ಇನ್ನೊಂದನ್ನು ತೊರೆಯಬೇಕಾಗಿಲ್ಲವೆಂಬುದಕ್ಕೆ ಈ ಇಬ್ಬರೂ ಸಾಕ್ಷಿ.

ನೀವೂ ಹತ್ತು ಸಾಲಿನ ಗದ್ಯಭಾಗವೊಂದನ್ನು ಅನುವಾದಿಸಿ ನೋಡಿ. ಎರಡು ನುಡಿಗಳ ಸ್ವಭಾವ ಆಗ ಕಣ್ಣಿಗೆ ಕಟ್ಟುತ್ತದೆ. ‘ಅಪ್ಪ ಹೊಲಕ್ಕೆ ಹೋದರು’ ಎಂದು ನಾವು ಕ್ರಿಯಾಪದವನ್ನು ಕೊನೆಗೆ ಇಡುತ್ತೇವೆ. ಇಂಗ್ಲಿಷಿನಲ್ಲಿ ಅದು ಕರ್ತೃವಿನ ಬೆನ್ನಿಗೇ ಬರುತ್ತದೆ. ‘ನೀನು’, ‘ನೀವು’ ಎಂಬ ಎರಡಕ್ಕೂ ಇಂದಿನ ಇಂಗ್ಲಿಷಿನಲ್ಲಿ ‘ಯೂ’ ಎಂಬುದೊಂದೇ ಪದ. ಆದ್ದರಿಂದ ಇಂಗ್ಲಿಷ್ ಕಥೆಯಲ್ಲಿ ಮಗಳು ತಂದೆಯೊಡನೆ ಮಾತನಾಡುವ ಸಾಲನ್ನು ಕನ್ನಡಕ್ಕೆ ತರುವಾಗ, ಆ ಮನೆಯ ಸಲಿಗೆ ಎಂತಹುದು, ಗೌರವ ಎಂತಹುದು ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಅಣ್ಣ, ತಮ್ಮ ಎಂಬ ಎರಡಕ್ಕೂ ಅವರಲ್ಲಿ ‘ಬ್ರದರ್’ ಎಂಬ ಒಂದೇ ಪದ ಸಾಕು. ಹೀಗೆ ಒಂದೊಂದು ಪದದ ಮುಂದೆಯೂ ನಿಂತು ಯೋಚಿಸಿದವನು ಗೈಡು ಪುಸ್ತಕದಿಂದ ದೊರೆಯದ ವ್ಯಾಕರಣವನ್ನು ಕಲಿಯುತ್ತಾನೆ.

ಮೂರನೆಯ ಕೆಲಸ ಸ್ವಂತ ಬರವಣಿಗೆ. ‘ಹಸು’, ‘ರೈಲು ಪ್ರಯಾಣ’ ಎಂಬ ಸಿದ್ಧ ಪ್ರಬಂಧಗಳನ್ನು ಬದಿಗಿಟ್ಟು, ತನ್ನ ಊರಿನ ಒಂದು ಸಂಗತಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕು. ನಾವು ಹೇಳಿದ ನಾಲ್ಕು ಸೀಮೆಗಳಲ್ಲಿ ವಿಷಯಗಳಿಗೇನು ಕೊರತೆ? ಹುಣಸೂರಿನ ವಿದ್ಯಾರ್ಥಿಯು ಹೊಗೆಸೊಪ್ಪಿನ ಬ್ಯಾರನ್ನಿನ ಬಗೆಗೆ ಬರೆಯಲಿ. ಸೊಪ್ಪನ್ನು ಮುರಿದು, ಕಡ್ಡಿಗಳಿಗೆ ಕಟ್ಟಿ, ಒಳಗೆ ತೂಗುಹಾಕಿ, ಸೌದೆಯ ಉರಿಯಿಂದ ಕಾದ ಕೊಳವೆಗಳ ಶಾಖದಲ್ಲಿ ಹಲವು ದಿನ ಹದಗೊಳಿಸುವ ಕ್ರಮವನ್ನು ಒಂದಾದ ಮೇಲೊಂದರಂತೆ ವಿವರಿಸುವುದು ಸ್ಪಷ್ಟ ಬರವಣಿಗೆಗೆ ಒಳ್ಳೆಯ ಪರೀಕ್ಷೆ. ಆ ಬೆಳೆ ಮನೆಗೆ ಹಣ ತರುವುದು ನಿಜ. ಸೌದೆಗಾಗಿ ಮರಗಳು ಉರುಳುವುದೂ, ಹೊಗೆಸೊಪ್ಪು ಬಳಸುವವರ ಆರೋಗ್ಯ ಕೆಡುವುದೂ ಅಷ್ಟೇ ನಿಜ. ಎರಡು ಮಾತನ್ನೂ ಮರೆಮಾಚದೆ ತೂಗಿ ಬರೆಯಬಲ್ಲವನು ವಾದಿಸುವ ಕಲೆಯನ್ನೂ ಕಲಿತಂತಾಯಿತು. ಬ್ಯಾರನ್ ಎಂಬ ಪದವೂ ಇಂಗ್ಲಿಷಿನ ‘ಬಾರ್ನ್’ ಎಂಬುದೇ. ಮೂಲದಲ್ಲಿ ಅದರ ಅರ್ಥ ಬಾರ್ಲಿ ತುಂಬಿಡುವ ಮನೆ. ಇಂಗ್ಲಿಷ್ ಅರಿಯದ ರೈತನ ಬಾಯಲ್ಲಿಯೂ ಆ ಪದ ಎಂದೋ ಮನೆಮಾಡಿದೆ.

ಕೃಷ್ಣರಾಜನಗರದ ವಿದ್ಯಾರ್ಥಿನಿ ಚುಂಚನಕಟ್ಟೆಯನ್ನು ವರ್ಣಿಸಬಹುದು. ಅಲ್ಲಿ ಕಾವೇರಿ ಬಂಡೆಗಳ ನಡುವೆ ಭೋರ್ಗರೆದು ಧುಮುಕುತ್ತಾಳೆ. ಆ ಮೊರೆತ ದಡದ ಮೇಲಿರುವ ಶ್ರೀರಾಮನ ಗುಡಿಯ ಗರ್ಭಗೃಹದಲ್ಲಿ ಕೇಳಿಸದೆಂಬ ಪ್ರತೀತಿಯುಂಟು. ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಹೊರಟಾಗ ‘ಜಾತ್ರೆ’ ಎಂಬ ಒಂದು ಪದವೇ ಅವಳನ್ನು ತಡೆದು ನಿಲ್ಲಿಸುತ್ತದೆ. ಅದು ಬರಿಯ ಸಂತೆಯಲ್ಲ, ಬರಿಯ ಹಬ್ಬವೂ ಅಲ್ಲ; ದೇವರೂ ದನಗಳೂ ನೆಂಟರೂ ವ್ಯಾಪಾರವೂ ಒಂದೆಡೆ ಸೇರುವ ದಿನಗಳು. ಒಂದು ಪದ ಸಾಲದಾದಾಗ ಒಂದು ವಾಕ್ಯದಿಂದ ವಿವರಿಸುವುದನ್ನು ಅವಳು ಕಲಿಯುತ್ತಾಳೆ.

ಪಿರಿಯಾಪಟ್ಟಣದವರಿಗೆ ಬೈಲುಕುಪ್ಪೆ ಇದೆ. 1960ರ ದಶಕದ ಆದಿಯಲ್ಲಿ ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರು ಅಲ್ಲಿ ನೆಲೆಸಿ, ಕಾಡು ಕಡಿದ ನೆಲದಲ್ಲಿ ಬೇಸಾಯ ಮಾಡಿ, ಮಠಗಳನ್ನೂ ಶಾಲೆಗಳನ್ನೂ ಕಟ್ಟಿಕೊಂಡರು. ಅಲ್ಲಿಯ ಮಕ್ಕಳಿಗೆ ಮನೆಯ ನುಡಿ ಒಂದು, ನೆರೆಯ ನುಡಿ ಇನ್ನೊಂದು, ಹೊರಲೋಕದ ನುಡಿ ಮತ್ತೊಂದು. ನೆರೆಯವರ ಬದುಕನ್ನು ಕೇಳಿ ತಿಳಿದು ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಹೆಗ್ಗಡದೇವನಕೋಟೆಯ ವಿದ್ಯಾರ್ಥಿಯು ತನ್ನ ಕಾಡಿನ ಮರಗಳ ಹೆಸರುಗಳನ್ನು ಪಟ್ಟಿಮಾಡಲಿ. ಅವನಿಗೊಂದು ಅಚ್ಚರಿ ಕಾದಿದೆ. ಇಂಗ್ಲಿಷರು ‘ಟೀಕ್’ ಎನ್ನುವುದು ನಮ್ಮ ತೇಗವನ್ನೇ. ಮಲಯಾಳಂ ನುಡಿಯಿಂದ ಪೋರ್ಚುಗೀಸರ ಬಾಯಿಗೆ, ಅಲ್ಲಿಂದ ಇಂಗ್ಲಿಷಿಗೆ ಹೋದ ಪದ ಅದು. ಅಡಕೆಯ ಇಂಗ್ಲಿಷ್ ಹೆಸರಾದ ‘ಅರೀಕ’ ಎಂಬುದೂ ಅದೇ ಹಾದಿ ಹಿಡಿದು ಹೋದದ್ದು. ಪರಕೀಯವೆಂದು ಅಂಜುತ್ತಿದ್ದ ನಿಘಂಟಿನಲ್ಲಿ ತನ್ನ ಸೀಮೆಯ ಮರವೇ ನಿಂತಿರುವುದನ್ನು ಕಂಡ ಹುಡುಗನಿಗೆ ಅಂಜಿಕೆ ಉಳಿಯುವುದಿಲ್ಲ.

ತನ್ನ ಊರಿನಲ್ಲಿ ಬರೆಯುವಂತಹುದು ಏನಿದೆ ಎಂದು ಕೇಳುವವರು ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯನ್ನು ನೆನೆಯಬೇಕು. ಆ ಊರಿನಲ್ಲಿ 1916ರಲ್ಲಿ ಜನಿಸಿದ ಸುಬ್ರಹ್ಮಣ್ಯರಾಜೇ ಅರಸು ಅವರು ‘ಚದುರಂಗ’ ಎಂಬ ಹೆಸರಿನಿಂದ ಕಾದಂಬರಿಗಳನ್ನು ಬರೆದರು. ಅವರ ‘ವೈಶಾಖ’ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ನೋಡುವ ಕಣ್ಣಿದ್ದರೆ ಚಿಕ್ಕ ಊರೂ ಸಾಹಿತ್ಯಕ್ಕೆ ನೆಲೆಯಾಗುತ್ತದೆ.

ಬರೆದುದನ್ನು ಒಂದೇ ಸಲಕ್ಕೆ ಮುಗಿಸಬಾರದು. ಮೊದಲ ಕರಡಿನಲ್ಲಿ ಹೇಳಬೇಕಾದುದೆಲ್ಲ ಬರಲಿ. ಎರಡನೆಯದರಲ್ಲಿ ಅನಗತ್ಯವಾದುದು ಹೋಗಲಿ. ಮೂರನೆಯದರಲ್ಲಿ ಕಾಲ, ವಚನ, ಕಾಗುಣಿತಗಳ ತಪ್ಪುಗಳನ್ನು ತಿದ್ದಿ. ಅನಂತರ ಅದನ್ನು ಗೆಳೆಯರ ಮುಂದೆ ಗಟ್ಟಿಯಾಗಿ ಓದಿ. ಉಪಾಧ್ಯಾಯರು ಕೆಂಪು ಶಾಯಿಯಿಂದ ಗುರುತು ಮಾಡಿದ ಹಾಳೆಯನ್ನು ನಾಚಿಕೆಯಿಂದ ಹರಿದೆಸೆಯುವವರುಂಟು. ಆ ಮೂರು ಕರಡುಗಳನ್ನೂ ಒಂದಕ್ಕೊಂದು ಹೊಲಿದಿಡುವುದು ಜಾಣತನ. ಮೊದಲನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ವಿದ್ಯಾರ್ಥಿಯು ನಡೆದ ದಾರಿ. ಅದನ್ನು ಯಾವ ಅಂಕಪಟ್ಟಿಯೂ ಅಷ್ಟು ಚೆನ್ನಾಗಿ ತೋರಿಸಲಾರದು.

ಪರೀಕ್ಷೆ ಬರುತ್ತದೆ, ಹೋಗುತ್ತದೆ. ಅದಕ್ಕೆ ಸಿದ್ಧರಾಗಬೇಕಾದುದು ಕರ್ತವ್ಯ. ಸ್ವಂತವಾಗಿ ಬರೆಯಬಲ್ಲವನಿಗೆ ಆ ಸಿದ್ಧತೆಯೂ ಹಗುರವಾಗುತ್ತದೆ. ಮುಂದಿನ ಜೂನ್ ತಿಂಗಳಲ್ಲಿ ಹೊಸ ಪುಸ್ತಕ ಕೈಗೆ ಬಂದಾಗ ಗೈಡಿನ ಉತ್ತರಗಳಲ್ಲಿ ಒಂದೂ ನೆನಪಿರದೆ ಹೋಗಬಹುದು. ತನ್ನ ಊರಿನ ನದಿಯನ್ನೋ ಮರವನ್ನೋ ನೆರೆಯವರನ್ನೋ ಕುರಿತು ತಾನೇ ಕಷ್ಟಪಟ್ಟು ಕಟ್ಟಿದ ಹತ್ತು ವಾಕ್ಯಗಳು ಮಾತ್ರ ಉಳಿದಿರುತ್ತವೆ. ಮರುವರ್ಷದ ಬಿತ್ತನೆಗೆ ಅವೇ ಬೀಜ.

ಪದಗಳ ಅರ್ಥ

ಕಣ – ಪೈರನ್ನು ಬಡಿದು ಕಾಳು ಬೇರ್ಪಡಿಸುವ ಸ್ಥಳ
ಹಾಡಿ – ಕಾಡಿನ ಜನರ ವಸತಿ
ಪ್ರತೀತಿ – ಜನರ ನಂಬಿಕೆ
ಕರಡು – ತಿದ್ದುವುದಕ್ಕೆ ಮೊದಲಿನ ಬರಹ

ಅಭ್ಯಾಸ

1. ವರ್ಷಾಂತ್ಯದ ಕಾಲವನ್ನು ಕಣಕ್ಕೆ ಹೋಲಿಸಿರುವುದು ಏಕೆ?
2. ಕಂಠಪಾಠ ಮಾಡಿದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಎದುರಾಗುವ ತೊಂದರೆ ಯಾವುದು?
3. ಬಿ. ಎಂ. ಶ್ರೀಕಂಠಯ್ಯ ಮತ್ತು ಕುವೆಂಪು ಅವರ ನಿದರ್ಶನಗಳು ‘ಎದುರುಮುಖ’ವಾದುವು ಹೇಗೆ? ಅವೆರಡೂ ಸೂಚಿಸುವ ಒಂದೇ ತತ್ತ್ವ ಯಾವುದು?
4. ‘ಯೂ’, ‘ಬ್ರದರ್’ ಎಂಬ ಪದಗಳನ್ನು ಅನುವಾದಿಸುವಾಗ ಏನನ್ನು ಯೋಚಿಸಬೇಕಾಗುತ್ತದೆ? ವಿವರಿಸಿರಿ.
5. ನಿಮ್ಮ ಊರಿನಲ್ಲಿ ಬಳಕೆಯಲ್ಲಿರುವ, ಒಂದೇ ಇಂಗ್ಲಿಷ್ ಪದಕ್ಕೆ ಹೊಂದದ ಐದು ಕನ್ನಡ ಪದಗಳನ್ನು ಪಟ್ಟಿಮಾಡಿ, ಒಂದೊಂದನ್ನೂ ಒಂದು ವಾಕ್ಯದಲ್ಲಿ ವಿವರಿಸಿರಿ.