ಜೀಪಿನ ಚಾಸಿ, ಬಾಡಿ ಬೋಲ್ಟುಗಳಿಗೆ ಎಷ್ಟು ಬಿಗಿ ಸರಿ?

ಕಾಫಿ ಕೊಯ್ಲು ಶುರುವಾದರೆ ತೋಟದ ಜೀಪಿಗೆ ಬಿಡುವಿಲ್ಲ. ಬೆಳಿಗ್ಗೆ ಲೈನ್ ಮನೆಗಳಿಂದ ಕೆಲಸದವರನ್ನು ಕರೆತರಬೇಕು. ಸಂಜೆ ಹಣ್ಣಿನ ಚೀಲಗಳನ್ನು ಕಣಕ್ಕೆ ಇಳಿಸಬೇಕು. ಸಂಪಾಜೆ, ಚೆಂಬು ಕಡೆಯ ಅಡಿಕೆ ತೋಟಗಳಲ್ಲೂ ಕೊಯ್ಲಿಗೆ ಇದೇ ಕಾಲ. ಅರೇಬಿಕಾ ಮುಗಿದು ರೊಬಸ್ಟಾ ಕೊನೆಗಾಣುವ ತನಕ ವಾಹನದ ಮೇಲೆ ಬೀಳುವ ಭಾರ ವರ್ಷದ ಉಳಿದ ದಿನಗಳ ಭಾರಕ್ಕಿಂತ ಹೆಚ್ಚು. ಇದಕ್ಕೆ ಮುನ್ನ ನಾವೆಲ್ಲರೂ ಎಂಜಿನ್ ಆಯಿಲ್ ಬದಲಾಯಿಸುತ್ತೇವೆ, ಬ್ರೇಕು ನೋಡಿಸುತ್ತೇವೆ, ಟೈರು ತಿರುಗಿಸಿ ಹಾಕಿಸುತ್ತೇವೆ. ಆದರೆ ಬಾಡಿಯನ್ನು ಚಾಸಿಗೆ ಹಿಡಿದಿಟ್ಟಿರುವ ಬೋಲ್ಟುಗಳನ್ನು ನೋಡುವವರು ಕಡಿಮೆ. ನೋಡಿದವರೂ ಉದ್ದನೆಯ ಸ್ಪಾನರಿಗೆ ಪೈಪು ತೊಡಿಸಿ ಇನ್ನು ತಿರುಗದು ಎನ್ನುವಷ್ಟು ಬಿಗಿದು ಬಿಡುವುದುಂಟು. ಸಡಿಲವೂ ಕೆಡುಕು, ಅತಿ ಬಿಗಿಯೂ ಕೆಡುಕು. ಸರಿಯಾದ ಬಿಗಿ ಎಂದರೆ ಎಷ್ಟು, ಅದನ್ನು ಅಳೆಯುವುದು ಹೇಗೆ ಎಂಬುದನ್ನು ಈ ಲೇಖನದಲ್ಲಿ ವಿವರಿಸುತ್ತೇವೆ.

ಚಾಸಿ ಬೇರೆ, ಬಾಡಿ ಬೇರೆ

ಮಹೀಂದ್ರಾದವರು 1947ರಲ್ಲಿ ವಿಲ್ಲೀಸ್ ಜೀಪಿನ ಜೋಡಣೆಯನ್ನು ನಮ್ಮ ದೇಶದಲ್ಲಿ ಆರಂಭಿಸಿದರು. ಅಂದಿನಿಂದ ಕೊಡಗಿನ ತೋಟದ ದಾರಿಗಳಿಗೂ ಜೀಪಿಗೂ ಬಿಡದ ನಂಟು. ಹಳೆಯ ಜೀಪುಗಳಾಗಲಿ, ಅನಂತರ ಬಂದ ಬೊಲೆರೊ, ಥಾರ್‌ಗಳಾಗಲಿ, ಮಾರುತಿಯ ಜಿಪ್ಸಿಯಾಗಲಿ ಒಂದೇ ಬಗೆಯ ರಚನೆಯವು. ಕೆಳಗೆ ಏಣಿಯಂಥ ಉಕ್ಕಿನ ಚಾಸಿ, ಅದರ ಮೇಲೆ ಬೋಲ್ಟು ಹಾಕಿ ಕೂರಿಸಿದ ಬಾಡಿ. ಸಣ್ಣ ಕಾರುಗಳಲ್ಲಿ ಹೀಗೆ ಬೇರೆ ಚಾಸಿ ಇರುವುದಿಲ್ಲ. ಬಾಡಿಯೇ ಎಲ್ಲ ಭಾರವನ್ನೂ ಹೊರುತ್ತದೆ.

ತೋಟದ ದಾರಿಯಲ್ಲಿ ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ಕಲ್ಲಿನ ಮೇಲೆ ಏರಿದಾಗ ಚಾಸಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಬಾಡಿಗೂ ಚಾಸಿಗೂ ನಡುವೆ ರಬ್ಬರ್ ಇಟ್ಟಿರುವುದು ಈ ತಿರುಚುವಿಕೆಯನ್ನು ತಾಳಿಕೊಳ್ಳಲೆಂದೇ. ಅಲ್ಲಿಯ ಬೋಲ್ಟು ಸಡಿಲವಾದರೆ ಬಾಡಿ ಕುಣಿಯತೊಡಗುತ್ತದೆ. ಮೊದಲು ಕಟಕಟ ಶಬ್ದ. ಆಮೇಲೆ ಬಾಗಿಲು ಸರಿಯಾಗಿ ಕೂರದಿರುವುದು. ಆಮೇಲೆ ಬೋಲ್ಟಿನ ತೂತು ಅಗಲವಾಗಿ ತಗಡು ಬಿರಿಯುವುದು. ಇಲ್ಲಿಗೆ ಮುಗಿಯುವುದಿಲ್ಲ. ಸ್ಟೀರಿಂಗ್ ಬಾಕ್ಸ್ ಇರುವುದು ಚಾಸಿಯ ಮೇಲೆ, ಸ್ಟೀರಿಂಗ್ ಹಿಡಿದು ಕೂರುವ ನಾವಿರುವುದು ಬಾಡಿಯಲ್ಲಿ. ಎರಡೂ ಒಂದಕ್ಕೊಂದು ಸರಿದಾಡಿದರೆ ಸ್ಟೀರಿಂಗ್ ಕಂಬದ ಮೇಲೆ ಬೇಡದ ಒತ್ತಡ ಬೀಳುತ್ತದೆ. ಚಾಸಿಯ ಬದಿಯಲ್ಲಿ ಹೋಗುವ ಬ್ರೇಕಿನ ಪೈಪಿಗೆ ಕಬ್ಬಿಣ ಉಜ್ಜಿದರೆ ಏನಾದೀತು ಎಂದು ಹೇಳಬೇಕಾಗಿಲ್ಲ. ಹಿಂದೆ ಎಂಟು ಹತ್ತು ಜನ ಕುಳಿತಿರುವಾಗ, ಇಳಿಜಾರಿನಲ್ಲಿ ಇದು ಜೀವದ ಪ್ರಶ್ನೆ.

ಬೋಲ್ಟು ಹಿಡಿಯುವುದು ಹೇಗೆ?

ಬೋಲ್ಟು ಒಂದು ಗಟ್ಟಿ ಸ್ಪ್ರಿಂಗ್ ಎಂದು ತಿಳಿಯಿರಿ. ನಟ್ಟು ತಿರುಗಿಸಿದಂತೆ ಬೋಲ್ಟು ಕೊಂಚ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ತಗಡುಗಳನ್ನು ಒತ್ತಿ ಹಿಡಿಯುವ ಶಕ್ತಿ. 10 ಮಿ.ಮೀ. ದಪ್ಪದ ಒಳ್ಳೆಯ ಬೋಲ್ಟನ್ನು ಸರಿಯಾಗಿ ಬಿಗಿದಾಗ ಅದು ಸುಮಾರು ಎರಡೂವರೆ ಟನ್ ಬಲದಿಂದ ಒತ್ತಿ ಹಿಡಿದಿರುತ್ತದೆ. 50 ಕಿಲೋ ತೂಕದ 50 ಕಾಫಿ ಚೀಲಗಳನ್ನು ಒಂದೇ ಬೋಲ್ಟಿಗೆ ನೇತು ಹಾಕಿದಷ್ಟು! ಆದರೆ ಅದು ಹಿಗ್ಗುವುದು ಒಂದು ಮಿ.ಮೀ.ನ ಹತ್ತರಲ್ಲಿ ಒಂದು ಪಾಲಿನಷ್ಟೂ ಇರಲಾರದು. ವಾಷರಿನ ಕೆಳಗೆ ಕೂದಲೆಳೆಯಷ್ಟು ಮಣ್ಣೋ ತುಕ್ಕೋ ದಪ್ಪ ಬಣ್ಣವೋ ಇದ್ದು, ಓಡಾಟದಲ್ಲಿ ಅದು ಪುಡಿಯಾಗಿ ಉದುರಿದರೆ ಸಾಕು, ಅಷ್ಟೂ ಹಿಗ್ಗು ಮಾಯವಾಗಿ ಬಿಗಿ ಹೋಗುತ್ತದೆ. ನಟ್ಟು ಮಾತ್ರ ಇದ್ದಲ್ಲೇ ಇರುತ್ತದೆ. ಕಣ್ಣಿಗೆ ಬಿಗಿಯಾಗಿ ಕಂಡದ್ದೆಲ್ಲ ಬಿಗಿಯಲ್ಲ ಎನ್ನುವುದು ಇದಕ್ಕೇ.

ನಟ್ಟು ತಾನಾಗಿ ಕಳಚುವುದು ಏಕೆ ಎಂಬುದನ್ನು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಯೋಗದಿಂದ ತೋರಿಸಿದರು. ಬೋಲ್ಟಿನ ಉದ್ದಕ್ಕೆ ಬೀಳುವ ಎಳೆತಕ್ಕಿಂತ, ತಗಡುಗಳು ಅಡ್ಡಡ್ಡಲಾಗಿ ಒಂದರ ಮೇಲೊಂದು ಜಾರುವುದೇ ನಟ್ಟನ್ನು ಬಿಚ್ಚುವ ಮುಖ್ಯ ಕಾರಣ. ಪ್ರತಿ ಜಾರುವಿಕೆಗೂ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಸಾಕಷ್ಟು ಒತ್ತಿ ಹಿಡಿದಿದ್ದರೆ ತಗಡು ಜಾರದು. ಜಾರದಿದ್ದರೆ ನಟ್ಟು ಬಿಚ್ಚದು. ಇಂಥ ಅಡ್ಡ ಅಲುಗಾಟವನ್ನು ಸಾಮಾನ್ಯ ಸ್ಪ್ರಿಂಗ್ ವಾಷರ್ ತಡೆಯಲಾರದು ಎಂಬುದೂ ಇಂಥ ಪ್ರಯೋಗಗಳಿಂದ ಗೊತ್ತಾಗಿದೆ. ಆದ್ದರಿಂದ ವಾಷರ್ ಇದೆಯಲ್ಲ ಎಂಬ ಧೈರ್ಯ ಸಾಲದು. ಬಿಗಿಯೇ ಬೋಲ್ಟಿನ ಕಾವಲು.

ಹಾಗಾದರೆ ಎಷ್ಟು ಬಿಗಿದರೂ ಒಳ್ಳೆಯದೇ? ಅಲ್ಲ. ಸ್ಪ್ರಿಂಗನ್ನು ಮಿತಿ ಮೀರಿ ಎಳೆದರೆ ಅದು ಮರಳಿ ಕುಗ್ಗುವುದಿಲ್ಲ. ಅತಿಯಾಗಿ ಬಿಗಿದ ಬೋಲ್ಟಿನ ಕತ್ತು ಸಣ್ಣದಾಗುತ್ತದೆ, ಥ್ರೆಡ್ಡು ಹರಿಯುತ್ತದೆ. ಅದೇ ದಿನ ಮುರಿದರೆ ಪುಣ್ಯ. ಅರೆಜೀವವಾಗಿ ಉಳಿದು ಚೀಲ ತುಂಬಿದ ದಿನ ಮುರಿದರೆ ಕಷ್ಟ.

ಟಾರ್ಕ್ ಎಂದರೇನು?

ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಒಂದು ಮೀಟರ್ ಉದ್ದದ ಸ್ಪಾನರಿನ ತುದಿಗೆ ಒಂದು ಕಿಲೋ ಭಾರ ಹಾಕಿದರೆ ನಟ್ಟಿನ ಮೇಲೆ ಬೀಳುವುದು ಒಂದು ಕಿಲೋಗ್ರಾಂ-ಮೀಟರ್. ಅರ್ಧ ಮೀಟರ್ ಸ್ಪಾನರಿನ ತುದಿಗೆ 10 ಕಿಲೋ ಹಾಕಿದರೆ 5 ಕಿಲೋಗ್ರಾಂ-ಮೀಟರ್. ಅದೇ ಸ್ಪಾನರಿಗೆ ಪೈಪು ತೊಡಿಸಿ ಒಂದು ಮೀಟರ್ ಮಾಡಿದರೆ, ಅಷ್ಟೇ ಕೈಬಲಕ್ಕೆ ಟಾರ್ಕ್ ಇಮ್ಮಡಿ. ಕೈಗೆ ಮಾತ್ರ ವ್ಯತ್ಯಾಸ ತಿಳಿಯುವುದಿಲ್ಲ. ಪೈಪಿನ ಅಪಾಯ ಇಲ್ಲಿದೆ. ಹೊಸ ಪುಸ್ತಕಗಳಲ್ಲಿ ಈ ಅಳತೆಯನ್ನು ನ್ಯೂಟನ್-ಮೀಟರಿನಲ್ಲಿ ಕೊಟ್ಟಿರುತ್ತಾರೆ. ಅದನ್ನು ಹತ್ತರಿಂದ ಭಾಗಿಸಿದರೆ ಹೆಚ್ಚುಕಡಿಮೆ ಕಿಲೋಗ್ರಾಂ-ಮೀಟರ್ ಸಿಗುತ್ತದೆ.

ಇನ್ನೊಂದು ವಿಚಾರ ಗಮನದಲ್ಲಿರಲಿ. ನಾವು ಹಾಕುವ ಬಲದ ನೂರರಲ್ಲಿ ಸುಮಾರು ತೊಂಬತ್ತು ಪಾಲು ಥ್ರೆಡ್ಡಿನ ಮತ್ತು ನಟ್ಟಿನ ಅಡಿಯ ತಿಕ್ಕಾಟಕ್ಕೇ ಹೋಗುತ್ತದೆ. ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ಹತ್ತು ಪಾಲು. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಆ ಹತ್ತೂ ಉಳಿಯದು; ಎಣ್ಣೆ ಹಚ್ಚಿದರೆ ಹತ್ತಕ್ಕಿಂತ ಹೆಚ್ಚು ಉಳಿದು, ಅಳತೆ ಸರಿಯಾಗಿದ್ದರೂ ಬೋಲ್ಟು ಅತಿ ಬಿಗಿಯಾಗುತ್ತದೆ.

ಈ ಬಲವನ್ನು ತೋರಿಸುವ ಸಾಧನವೇ ಟಾರ್ಕ್ ರೆಂಚು. 1918ರಲ್ಲಿ ನ್ಯೂಯಾರ್ಕ್ ನಗರದ ನೀರು ಸರಬರಾಜು ಇಲಾಖೆಯಲ್ಲಿದ್ದ ಕಾನ್ರಾಡ್ ಬಾರ್ ಎಂಬವರು, ಪೈಪುಗಳ ಫ್ಲ್ಯಾಂಜ್ ಬೋಲ್ಟುಗಳನ್ನು ಕೆಲಸಗಾರರು ಅತಿಯಾಗಿ ಬಿಗಿಯುವುದನ್ನು ತಪ್ಪಿಸಲು ಇದನ್ನು ರೂಪಿಸಿದರು. ಸ್ಪ್ರಿಂಕ್ಲರ್ ಪಂಪಿನ ಫ್ಲ್ಯಾಂಜ್ ಬಿಗಿದು ಬಿರುಕು ಬಿಡಿಸಿದವರಿಗೆ ಇದರ ಬೆಲೆ ಬೇಗ ಅರ್ಥವಾದೀತು.

ಎಷ್ಟು ಬಿಗಿ?

ಮೊದಲ ಪ್ರಮಾಣ ನಿಮ್ಮ ವಾಹನದ ಸರ್ವಿಸ್ ಪುಸ್ತಕ. ಅದರಲ್ಲಿ ಕೊಟ್ಟಿರುವ ಅಂಕಿಯೇ ಅಂತಿಮ. ರಬ್ಬರ್ ಇರುವ ಬಾಡಿ ಬೋಲ್ಟು, ಪಟ್ಟಿ ಸ್ಪ್ರಿಂಗಿನ ಯು-ಬೋಲ್ಟು, ಸ್ಟೀರಿಂಗ್ ಮತ್ತು ಚಕ್ರದ ನಟ್ಟುಗಳಿಗೆ ಪುಸ್ತಕದ ಅಂಕಿ ಬಿಟ್ಟು ಬೇರೆ ಬಳಸಕೂಡದು. ಬಂಪರ್, ಬ್ರಾಕೆಟ್, ಮೆಟ್ಟಿಲು ಮೊದಲಾಗಿ ಕಬ್ಬಿಣಕ್ಕೆ ಕಬ್ಬಿಣ ಕೂರುವ ಕಡೆ ಪುಸ್ತಕದಲ್ಲಿ ಅಂಕಿ ಸಿಗದಿದ್ದರೆ, ತಲೆಯ ಮೇಲೆ 8.8 ಎಂಬ ಗುರುತಿರುವ, ಶುಚಿಯಾದ, ಎಣ್ಣೆಯಿಲ್ಲದ ಬೋಲ್ಟಿಗೆ ಈ ಅಂದಾಜು ಸಾಕು:

6 ಮಿ.ಮೀ. ಬೋಲ್ಟು (10 ನಂಬರ್ ಸ್ಪಾನರ್): 1 ಕಿಲೋಗ್ರಾಂ-ಮೀಟರ್
8 ಮಿ.ಮೀ. ಬೋಲ್ಟು (13 ನಂಬರ್): 2.5 ಕಿಲೋಗ್ರಾಂ-ಮೀಟರ್
10 ಮಿ.ಮೀ. ಬೋಲ್ಟು (17 ನಂಬರ್): 5 ಕಿಲೋಗ್ರಾಂ-ಮೀಟರ್
12 ಮಿ.ಮೀ. ಬೋಲ್ಟು (19 ನಂಬರ್): 8.5 ಕಿಲೋಗ್ರಾಂ-ಮೀಟರ್

ಥ್ರೆಡ್ಡಿಗೆ ಎಣ್ಣೆ ಅಥವಾ ಗ್ರೀಸ್ ಹಚ್ಚಿದ್ದರೆ ಕಾಲುಭಾಗ ಕಡಿಮೆ ಮಾಡಿ. ತಲೆಯ ಮೇಲೆ 4.6 ಎಂದಿದ್ದರೆ ಅದು ಮೆದು ಬೋಲ್ಟು. ಅರ್ಧಕ್ಕಿಂತಲೂ ಕಡಿಮೆ ಬಿಗಿಯನ್ನಷ್ಟೇ ತಾಳೀತು. ಚಾಸಿಗೆ ಅದನ್ನು ಹಾಕಲೇಬೇಡಿ. ಹಳೆಯ ಜೀಪುಗಳಲ್ಲಿ ಇಂಚಿನ ಬೋಲ್ಟುಗಳಿರುತ್ತವೆ. ಅವುಗಳ ತಲೆಯ ಮೇಲೆ ಮೂರು ಗೆರೆಗಳಿದ್ದರೆ ಹೆಚ್ಚುಕಡಿಮೆ 8.8ಕ್ಕೆ ಸಮ, ಗೆರೆಯೇ ಇಲ್ಲದಿದ್ದರೆ ಮೆದು ಬೋಲ್ಟೆಂದು ಎಣಿಸಬೇಕು. ಇಂಚಿನ ಬೋಲ್ಟಿಗೆ ಮಿಲಿಮೀಟರ್ ನಟ್ಟು ಹಾಕಿ ಬಲವಂತ ಮಾಡಬೇಡಿ.

ನಮ್ಮ ಜಿಲ್ಲೆಯ ವಿಶೇಷ ತೊಂದರೆಗಳು

ಭಾಗಮಂಡಲ, ಗಾಳಿಬೀಡು, ಶಾಂತಳ್ಳಿ ಕಡೆ ಮುಂಗಾರಿನ ತಿಂಗಳುಗಳಲ್ಲಿ ಜೀಪಿನ ಅಡಿಭಾಗ ಒಣಗುವುದೇ ಇಲ್ಲ. ತುಕ್ಕು ಇದರಿಂದಲೇ ಅರ್ಧ. ಉಳಿದರ್ಧ ನಾವು ಸಾಗಿಸುವ ಸಾಮಾನಿನಿಂದ. ಬೋರ್ಡೋ ದ್ರಾವಣ ತಯಾರಿಸುವಾಗ ಸುಣ್ಣ ಸಾಕೇ ಎಂದು ತಿಳಿಯಲು ಕತ್ತಿಯನ್ನು ಅದ್ದಿ ನೋಡುತ್ತೇವಲ್ಲವೆ? ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಂದರೆ ಮೈಲುತುತ್ತ ಕಬ್ಬಿಣವನ್ನು ತಿಂದು ಆ ಜಾಗದಲ್ಲಿ ತಾಮ್ರವನ್ನು ಬಿಡುತ್ತದೆ. ಜೀಪಿನಲ್ಲಿ ಮೈಲುತುತ್ತದ ನೀರು ಚೆಲ್ಲಿದಾಗ ಬೋಲ್ಟುಗಳಿಗೆ ಆಗುವುದೂ ಇದೇ. ಪೊಟ್ಯಾಷ್ ಮತ್ತಿತರ ರಾಸಾಯನಿಕ ಗೊಬ್ಬರಗಳ ಪುಡಿಯೂ ತೇವ ಹೀರಿ ತುಕ್ಕನ್ನು ಬೆಳೆಸುತ್ತದೆ. ಗೊಬ್ಬರ, ಔಷಧಿ ಸಾಗಿಸಿದ ದಿನವೇ ಸಂಜೆ ಹಿಂಬದಿಗೆ ನೀರು ಹೊಡೆದು ತೊಳೆಯುವುದು ಒಳ್ಳೆಯ ಪದ್ಧತಿ.

ಕೆಲಸ ಮಾಡುವ ಕ್ರಮ

1. ಮಳೆ ಬಿಟ್ಟ ಮೇಲೆ, ಕೊಯ್ಲಿಗೆ ಮುನ್ನ ಅರ್ಧ ದಿನ ಇದಕ್ಕೆ ಮೀಸಲಿಡಿ. ಆಯುಧಪೂಜೆಗೆ ಜೀಪು ಹೇಗೂ ತೊಳೆಯುತ್ತೇವೆ. ಪೂಜೆಯ ದಿನ ಸ್ಪಾನರಿಗೂ ವಿಶ್ರಾಂತಿಯಾದ್ದರಿಂದ ಅದರ ಹಿಂದಿನ ದಿನ ಈ ಕೆಲಸಕ್ಕೆ ಅನುಕೂಲ.

2. ಅಡಿಭಾಗದ ಮಣ್ಣು ತೊಳೆದು ಒಣಗಲು ಬಿಡಿ. ಮೊದಲು ಕಣ್ಣಿನಿಂದ ನೋಡಿ. ವಾಷರಿನ ಸುತ್ತ ಕೆಂಪು ಪುಡಿ ಅಥವಾ ಉಜ್ಜಿದ ಹೊಳಪು ಕಂಡರೆ ಆ ಜಾಗ ಅಲುಗಾಡುತ್ತಿದೆ ಎಂದು ಅರ್ಥ. ಬೋಲ್ಟಿನ ತೂತಿನಿಂದ ಚಾಸಿಗೆ ಬಿರುಕು ಹೊರಟಿದ್ದರೆ ಬಿಗಿದು ಪ್ರಯೋಜನವಿಲ್ಲ. ಗಾಡಿಯನ್ನು ನಿಲ್ಲಿಸಿ ತಿಳಿದವರಿಂದ ದುರಸ್ತಿ ಮಾಡಿಸಬೇಕು.

3. ಗಾಡಿ ಸಮತಟ್ಟಾದ ನೆಲದಲ್ಲಿ, ಖಾಲಿಯಾಗಿ, ನಾಲ್ಕು ಚಕ್ರಗಳ ಮೇಲೆ ನಿಂತಿರಲಿ. ಹ್ಯಾಂಡ್ ಬ್ರೇಕ್ ಹಾಕಿ ಚಕ್ರಗಳಿಗೆ ಕಲ್ಲು ಕೊಡಿ. ಬರೀ ಜಾಕಿನ ಮೇಲೆ ಎತ್ತಿದ ಜೀಪಿನ ಅಡಿಗೆ ಯಾರೂ ನುಗ್ಗಬಾರದು.

4. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿ. ಬಿಚ್ಚಿದ ಮೇಲೆ ತಂತಿ ಬ್ರಷ್ಷಿನಿಂದ ಥ್ರೆಡ್ಡು ತಿಕ್ಕಿ, ಎಣ್ಣೆ ಒರೆಸಿ ತೆಗೆಯಿರಿ. ಕತ್ತು ಸವೆದ ಬೋಲ್ಟು ಮತ್ತೆ ಬೇಡ. ಒಳಗೆ ನೈಲಾನ್ ಬಳೆ ಇರುವ ನಟ್ಟು ಬೆರಳಿನಿಂದಲೇ ಪೂರ್ತಿ ತಿರುಗುವಂತಿದ್ದರೆ ಅದನ್ನೂ ಬದಲಾಯಿಸಿ.

5. ಬಾಡಿಯ ಎಲ್ಲ ಬೋಲ್ಟುಗಳನ್ನೂ ಒಮ್ಮೆಗೇ ಬಿಚ್ಚಬೇಡಿ. ಒಂದೊಂದಾಗಿ ಶುಚಿ ಮಾಡಿ, ಮೊದಲು ಕೈಬಿಗಿ ಮಾಡಿ. ಆಮೇಲೆ ಎಲ್ಲವನ್ನೂ ಅರ್ಧ ಟಾರ್ಕಿಗೆ, ಕೊನೆಗೆ ಪೂರ್ತಿ ಟಾರ್ಕಿಗೆ ತನ್ನಿ. ಎಡದಲ್ಲಿ ಒಂದು, ಬಲದಲ್ಲಿ ಒಂದು, ನಡುವಿನಿಂದ ತುದಿಗೆ. ಹೀಗೆ ಸಾಗಿದರೆ ಬಾಡಿ ಓರೆಯಾಗಿ ಕೂರದು.

6. ಬೋಲ್ಟಿನ ತಲೆಯನ್ನು ಒಂದು ಸ್ಪಾನರಿನಲ್ಲಿ ಹಿಡಿದು ನಟ್ಟನ್ನು ತಿರುಗಿಸಿ. ರೆಂಚಿನ ಹಿಡಿಯ ನಡುವೆ ಕೈಯಿಟ್ಟು ನಿಧಾನವಾಗಿ, ಒಂದೇ ಸಮನೆ ಎಳೆಯಿರಿ. ಜಗ್ಗಬೇಡಿ. ಕ್ಲಿಕ್ ಎಂದ ಕೂಡಲೆ ಬಿಡಿ. ಇನ್ನೊಂದು ಸಲ ಇರಲಿ ಎಂದು ಎಳೆಯುವುದು ಬೇಡ.

7. ತುಕ್ಕಿನಲ್ಲಿ ಕಚ್ಚಿಕೊಂಡ ನಟ್ಟಿಗೆ ರೆಂಚು ಹಾಕಿದರೆ ಕದಲುವ ಮೊದಲೇ ಕ್ಲಿಕ್ ಎನ್ನುತ್ತದೆ. ಇದು ಸುಳ್ಳು ಬಿಗಿ. ಅಂಥ ನಟ್ಟನ್ನು ಬಿಚ್ಚಿ ಶುಚಿ ಮಾಡಿಯೇ ಮತ್ತೆ ಬಿಗಿಯಬೇಕು.

8. ಬಿಗಿದ ಮೇಲೆ ನಟ್ಟಿನಿಂದ ಚಾಸಿಯ ತನಕ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಸರಿದಿದ್ದರೆ ನಟ್ಟು ತಿರುಗಿದೆ ಎಂದರ್ಥ. ಕೊಯ್ಲಿನ ದಿನಗಳಲ್ಲಿ ವಾರಕ್ಕೊಮ್ಮೆ ಟಾರ್ಚ್ ಹಿಡಿದು ನೋಡಲು ಐದು ನಿಮಿಷ ಸಾಕು.

9. ಹೊಸ ಬೋಲ್ಟು, ಹೊಸ ರಬ್ಬರ್, ಹೊಸ ಯು-ಬೋಲ್ಟು ಹಾಕಿದ್ದರೆ ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಅಳತೆಗೆ ಬಿಗಿಯಿರಿ.

ರಬ್ಬರಿನ ವಿಷಯ

ಬಾಡಿ ರಬ್ಬರು ಹೊರಕ್ಕೆ ಉಬ್ಬಿ ಬರುವಷ್ಟು ಬಿಗಿಯುವುದು ಸಾಮಾನ್ಯ ತಪ್ಪು. ಹಾಗೆ ಅಮುಕಿದ ರಬ್ಬರು ಬೇಗ ಸೀಳುತ್ತದೆ. ಚಾಸಿಯ ತಿರುಚುವಿಕೆಯೆಲ್ಲ ನೇರವಾಗಿ ತಗಡಿಗೆ ಹೋಗುತ್ತದೆ. ಹಲವು ವಾಹನಗಳಲ್ಲಿ ರಬ್ಬರಿನ ಒಳಗೆ ಕಬ್ಬಿಣದ ಕೊಳವೆಯೊಂದಿರುತ್ತದೆ. ಬೋಲ್ಟಿನ ಬಿಗಿಯನ್ನು ಹೊರುವುದು ಆ ಕೊಳವೆ. ರಬ್ಬರು ಬದಲಾಯಿಸುವಾಗ ಅದು ಕಳೆದುಹೋಗದಂತೆ ನೋಡಿಕೊಳ್ಳಿ. ಹಳೆಯ ಟೈರು ಕತ್ತರಿಸಿ ರಬ್ಬರಿನ ಜಾಗಕ್ಕೆ ತುರುಕಿದರೆ ಯಾವ ಟಾರ್ಕ್ ಅಂಕಿಯೂ ಅಲ್ಲಿ ಲೆಕ್ಕಕ್ಕೆ ಬಾರದು.

ರೆಂಚು ಕೂಡಿ ಕೊಳ್ಳಬಹುದು

ವರ್ಷಕ್ಕೆ ಎರಡು ಮೂರು ಸಲ ಬೇಕಾಗುವ ಈ ಸಾಧನವನ್ನು ಪ್ರತಿ ಮನೆಯೂ ಕೊಳ್ಳಬೇಕಾಗಿಲ್ಲ. ಅಕ್ಕಪಕ್ಕದ ಐದಾರು ಬೆಳೆಗಾರರು ಸೇರಿ ಒಂದನ್ನು ಕೊಂಡು, ಒಬ್ಬರ ಮನೆಯಲ್ಲಿ ಪೆಟ್ಟಿಗೆ ಸಮೇತ ಇಟ್ಟುಕೊಳ್ಳಬಹುದು. ಕ್ಲಿಕ್ ರೆಂಚಾದರೆ ಕೆಲಸ ಮುಗಿದ ಮೇಲೆ ಅದರ ಅಳತೆಯನ್ನು ಅತಿ ಕಡಿಮೆ ಅಂಕಿಗೆ ಇಳಿಸಿಡಬೇಕು. ನಟ್ಟು ಬಿಚ್ಚಲು ಅದನ್ನು ಬಳಸಬಾರದು, ಅದಕ್ಕೆ ಪೈಪು ತೊಡಿಸಬಾರದು, ಕೆಳಗೆ ಬೀಳಿಸಬಾರದು. ವರ್ಷಕ್ಕೊಮ್ಮೆ ಅಳತೆ ಪರೀಕ್ಷೆ ಮಾಡಿಸುವುದು ಮೇಲು.

ಮುಳ್ಳು ತೋರಿಸುವ ಸಾದಾ ರೆಂಚನ್ನು ಮನೆಯಲ್ಲೇ ಪರೀಕ್ಷಿಸಬಹುದು. ಅದರ ಚೌಕ ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮನಾಗಿ ನಿಲ್ಲಿಸಿ, ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಚೌಕದ ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿ 10 ಕಿಲೋದ ತೂಕದ ಕಲ್ಲನ್ನು ನೇತು ಹಾಕಿ. ಗುರುತಿನಿಂದ ಮುಳ್ಳು 4 ಕಿಲೋಗ್ರಾಂ-ಮೀಟರ್ ಸರಿದರೆ ರೆಂಚು ಸರಿಯಾಗಿದೆ.

ತೋಟದ ಕೆಲಸಗಳಲ್ಲಿ ಅಳತೆಯ ಬೆಲೆ ನಮಗೆ ಹೊಸದಲ್ಲ. ಗೊಬ್ಬರವನ್ನು ಗಿಡಕ್ಕಿಷ್ಟು ಗ್ರಾಂ ಎಂದು ಹಾಕುತ್ತೇವೆ, ಮೈಲುತುತ್ತ ಸುಣ್ಣಗಳನ್ನು ತೂಗಿ ಬೆರೆಸುತ್ತೇವೆ. ಜೀಪಿನ ಬೋಲ್ಟಿಗೂ ಅದೇ ಶಿಸ್ತು ಬರಲಿ. ಮೊದಲ ಬುಟ್ಟಿ ಹಣ್ಣು ಕಣಕ್ಕೆ ಬರುವ ಮುನ್ನವೇ ಈ ಅರ್ಧ ದಿನದ ಕೆಲಸವನ್ನು ಮುಗಿಸಿ, ಬಿಗಿದ ತಾರೀಖನ್ನು ಗಾಡಿಯ ಪುಸ್ತಕದಲ್ಲಿ ಬರೆದಿಡಬೇಕೆಂದು ಬೆಳೆಗಾರ ಬಾಂಧವರಲ್ಲಿ ಕೋರುತ್ತೇವೆ.