ಭಾಗ್ಯದ ಹೆಜ್ಜೆ, ಅದೃಷ್ಟದ ಚಕ್ರ: ಹಳೆಯ ಪಠ್ಯಕ್ಕೆ ಹೊಸ ಮಟ್ಟು

ಹೆಗ್ಗಡದೇವನಕೋಟೆ, ಹುಣಸೂರುಗಳ ಮನೆಗಳಲ್ಲಿ ವರಮಹಾಲಕ್ಷ್ಮಿ ವ್ರತದ ದಿನ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಹಾಡುವ ಹೆಂಗಸರು ರಾಗದ ಹೆಸರು ಹೇಳುವುದಿಲ್ಲ. ಅವರಿಗೆ ಅದರ ಅಗತ್ಯವೂ ಇಲ್ಲ. ಕಛೇರಿಯಲ್ಲಿ ಅದೇ ಕೀರ್ತನೆ ಸಾಮಾನ್ಯವಾಗಿ ಮಧ್ಯಮಾವತಿಯಲ್ಲಿರುತ್ತದೆ. ಭೀಮಸೇನ ಜೋಶಿಯವರ ಗಾಯನದಲ್ಲಿ ಅದು ಬೇರೊಂದು ಚಹರೆ ಪಡೆಯಿತು. ತರಗತಿಯಲ್ಲಿ ನಾವು ಓದಿಸುವುದು ಮಾತ್ರ ಮಟ್ಟು ಕಳಚಿದ ಅಕ್ಷರಗಳನ್ನು. ಹಾಗಾದರೆ ಇವುಗಳಲ್ಲಿ ಪಠ್ಯವೆಂದು ಯಾವುದನ್ನು ಕರೆಯಬೇಕು?

ಪುರಂದರದಾಸರ (ನಿಧನ 1564) ಕಾಲದ ಧಾಟಿಗಳು ಬಹುಮಟ್ಟಿಗೆ ನಮಗೆ ಉಳಿದಿಲ್ಲ. ಪ್ರತಿಗಳಲ್ಲಿ ರಾಗ, ತಾಳಗಳ ಹೆಸರಿರಬಹುದು. ಹೆಸರಿನಿಂದ ಧಾಟಿ ಹುಟ್ಟುವುದಿಲ್ಲ. ಆದುದರಿಂದ ಇಂದು ಕೇಳುವ ಪ್ರತಿಯೊಂದು ಮಟ್ಟೂ ಒಂದು ವ್ಯಾಖ್ಯಾನವೇ ಆಗಿದೆ.

ಇದೇ ತೊಡಕು ಸಂಪತ್ತು, ಅದೃಷ್ಟಗಳನ್ನು ಕುರಿತ ಮಧ್ಯಯುಗದ ಲ್ಯಾಟಿನ್ ಪದ್ಯಗಳಿಗೂ ಉಂಟು. ಸುಮಾರು 1230ರ ‘ಕಾರ್ಮಿನಾ ಬುರಾನಾ’ ಹಸ್ತಪ್ರತಿ 1803ರಲ್ಲಿ ಬವೇರಿಯದ ಬೆನೆಡಿಕ್ಟ್‌ಬಾಯರ್ನ್ ಮಠದಲ್ಲಿ ದೊರೆಯಿತು. 1847ರಲ್ಲಿ ಷ್ಮೆಲ್ಲರ್ ಅದನ್ನು ಅಚ್ಚು ಮಾಡಿಸಿದನು. ಕೆಲವು ಪದ್ಯಗಳ ಮೇಲೆ ಸ್ವರದ ಏರಿಳಿತವನ್ನಷ್ಟೇ ಸೂಚಿಸುವ ಗೆರೆಗಳಿವೆ. ಸ್ವರಸ್ಥಾನಗಳು ಅವುಗಳಿಂದ ತಿಳಿಯುವುದಿಲ್ಲ. ಕಾರ್ಲ್ ಓರ್ಫ್ ಅವುಗಳ ಗೊಡವೆಗೆ ಹೋಗದೆ, ಮುದ್ರಿತ ಪಠ್ಯದಿಂದ 24 ಪದ್ಯಗಳನ್ನು ಆಯ್ದು ತನ್ನದೇ ಸಂಗೀತ ಕೊಟ್ಟನು. ಮೊದಲ ಪ್ರದರ್ಶನ 1937ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆಯಿತು. ಹಣವೇ ಭೂಮಿಯ ದೊರೆಯೆಂದು ಕುಟುಕುವ ಪದ್ಯವೂ ಆ ಸಂಕಲನದಲ್ಲಿದೆ. ಅದನ್ನು ಅವನು ಬಿಟ್ಟನು. ಚಂದ್ರನಂತೆ ಹಿಗ್ಗಿ ಕುಗ್ಗುವ ಅದೃಷ್ಟದೇವತೆಯನ್ನು ದೂರುವ ‘ಓ ಫೋರ್ಚುನಾ’ವನ್ನು ಆದಿಯಲ್ಲಿಯೂ ಅಂತ್ಯದಲ್ಲಿಯೂ ಇರಿಸಿದನು. ಹೀಗೆ ಕೃತಿಯೇ ಚಕ್ರವಾಯಿತು. ವಿಚಿತ್ರವೆಂದರೆ ಆ ಪದ್ಯವುಳ್ಳ ಹಾಳೆ ಹಸ್ತಪ್ರತಿಯ ಮೊದಲಿಗೆ ಬಂದುದು ಹೊಲಿಗೆಯ ತಪ್ಪಿನಿಂದ. ಓಲೆಗರಿಗಳ ಅನುಕ್ರಮದೊಡನೆ ಹೆಣಗಿದವರಿಗೆ ಇದು ಹೊಸತೇನಲ್ಲ!

ದಾಸರ ಲಕ್ಷ್ಮಿಯೂ ಚಂಚಲೆಯೇ. ಆದರೆ ಕೀರ್ತನೆ ಆಕೆಯನ್ನು ನಿಂದಿಸುವುದಿಲ್ಲ. ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಮೆಲ್ಲನೆ ಬಂದು, ಅತ್ತಿತ್ತ ಸರಿಯದೆ ಭಕ್ತರ ಮನೆಯಲ್ಲಿ ನೆಲಸೆಂದು ಬೇಡುತ್ತದೆ. ಮಜ್ಜಿಗೆಯಿಂದ ಬೆಣ್ಣೆ ಮೂಡುವ ಹೋಲಿಕೆ ಇಲ್ಲಿ ಮುಖ್ಯವಾದುದು. ಕಡೆಗೋಲೂ ಚಕ್ರದಂತೆ ಸುತ್ತುತ್ತದೆ. ಆದರೆ ಅದನ್ನು ಸುತ್ತಿಸುವುದು ಮನುಷ್ಯರ ಕೈ. ಲ್ಯಾಟಿನ್ ಕವಿಯ ಚಕ್ರಕ್ಕೆ ಸಿಕ್ಕವನು ಏರಬಲ್ಲನು, ಬೀಳಬಲ್ಲನು, ಅದನ್ನು ತಿರುಗಿಸಲಾರನು.

ಈ ಅರ್ಥವನ್ನು ಮಟ್ಟು ಉಳಿಸುತ್ತದೆಯೇ? ಮಧ್ಯಮಾವತಿ ಕಛೇರಿಗೆ ಮಂಗಳ ಹಾಡುವ ರಾಗ. ಕೊನೆಯಲ್ಲಿ ಅದು ಕೇಳಿದಾಗ ಬೇಡಿಕೆ ಆಗಲೇ ಈಡೇರಿದಂತೆ ತೋರುತ್ತದೆ. ‘ಬಾ’ ಎಂಬ ಕರೆಯಲ್ಲಿರುವ ಅಳುಕು ಮರೆಯಾಗುತ್ತದೆ. ದ್ರುತಗತಿಯಲ್ಲಿ ಹಾಡಿದರೆ ಮೆಲ್ಲಡಿಯೂ ಉಳಿಯದು. ನನ್ನ ಮಟ್ಟಿಗೆ ಮನೆಯ ವಿಳಂಬದ ಧಾಟಿಯೇ ಪಠ್ಯಕ್ಕೆ ಹೆಚ್ಚು ನಿಷ್ಠವಾದುದು. ಓರ್ಫನ ತಾಳವಾದ್ಯಗಳ ಅಬ್ಬರ ಲ್ಯಾಟಿನ್ ಪದ್ಯದ ಭಯಕ್ಕೆ ಒದಗಿತು. ಇಲ್ಲಿ ಒದಗಬೇಕಾದುದು ಹೊಸ್ತಿಲಲ್ಲಿ ಕಿವಿಗೊಟ್ಟು ನಿಂತವಳ ಕಾತರ. ಕೀರ್ತನೆಯನ್ನು ಪಾಠ ಮಾಡುವಾಗ ಎರಡು ಧಾಟಿಗಳನ್ನಾದರೂ ಕೇಳಿಸಿ, ಯಾವುದರಲ್ಲಿ ಗೆಜ್ಜೆಯ ಸದ್ದು ಹತ್ತಿರವಾಗುತ್ತದೆಂದು ವಿದ್ಯಾರ್ಥಿಗಳನ್ನೇ ಕೇಳಬಹುದು.