ಮನೆಯ ಹೊರಮೈ ಚಂದ ಮಾಡುವುದು: ಬಣ್ಣಕ್ಕಿಂತ ಮೊದಲು ನೀರು



ಹಬ್ಬ ಹತ್ತಿರ ಬಂದರೆ, ಇಲ್ಲವೇ ಮನೆಯಲ್ಲಿ ಮದುವೆ ನಿಶ್ಚಯವಾದರೆ, ನಮ್ಮೂರ ಮನೆಗಳಲ್ಲಿ ಮೊದಲು ಏಳುವ ಮಾತು ‘ಮನೆಗೆ ಬಣ್ಣ ಹೊಡೆಸಬೇಕು’ ಎಂಬುದು. ಅಂಗಡಿಯಿಂದ ಡಬ್ಬಿಗಳು ಬರುತ್ತವೆ, ಕೂಲಿಯವರು ಬರುತ್ತಾರೆ, ಎರಡು ದಿನದಲ್ಲಿ ಮನೆ ಹೊಸದಾಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿ ಉದುರುತ್ತದೆ, ಮೇಲೆ ಕಪ್ಪು ಗೆರೆಗಳು ಇಳಿಯುತ್ತವೆ. ಬಣ್ಣಕ್ಕೆಂದು ಮಾಡಿದ ಕೈಸಾಲ ಮಾತ್ರ ಇನ್ನೂ ತೀರಿರುವುದಿಲ್ಲ. ಮನೆ ಚೆನ್ನಾಗಿಲ್ಲವೆಂದು ಗೆಳೆಯರನ್ನು ಮನೆಗೆ ಕರೆಯಲು ಹಿಂಜರಿಯುವವರು ನಿಮ್ಮಲ್ಲಿ ಕೆಲವರಿದ್ದೀರಿ. ಇದು ಸಣ್ಣ ವಿಷಯವಲ್ಲ. ಆದ್ದರಿಂದ ಈ ಸಲ ಪಠ್ಯದ ರಸಾಯನಶಾಸ್ತ್ರವನ್ನೇ ಸ್ವಲ್ಪ ಬೀದಿಗೆ ತಂದು ನೋಡೋಣ.

ಮೊದಲ ಕೆಲಸಕ್ಕೆ ಹಣ ಬೇಡ. ಸಂಜೆ ನಾಲ್ಕು ಗಂಟೆಗೆ ಬೀದಿಯ ಆಚೆ ಬದಿಗೆ ಹೋಗಿ ನಿಮ್ಮ ಮನೆಯನ್ನು ಬೇರೆಯವರ ಮನೆ ಎಂಬಂತೆ ನೋಡಿ. ಕಣ್ಣಿಗೆ ಕುಂದೆನಿಸುವುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಬರೆದದ್ದರಲ್ಲಿ ಬಣ್ಣದ ದೋಷ ಒಂದೋ ಎರಡೋ ಇರಬಹುದು. ಉಳಿದವು ನೀರು ಮಾಡಿದ ಕೆಲಸ: ಬುಡದ ಉಪ್ಪು, ಪ್ಯಾರಾಪೆಟ್‌ನಿಂದ ಇಳಿದ ಕಪ್ಪು ಗೆರೆ, ಕಿಟಕಿಯ ಕೆಳಗಿನ ಕಲೆ, ಒಡೆದ ಗಾರೆ. ಇಲ್ಲದಿದ್ದರೆ ಜೋತುಬಿದ್ದ ವೈರುಗಳು, ಅಡ್ಡಾದಿಡ್ಡಿ ಪೈಪುಗಳು, ಬಾಗಿಲ ಪಕ್ಕ ವರ್ಷಗಟ್ಟಲೆ ಬಿದ್ದಿರುವ ಇಟ್ಟಿಗೆ ರಾಶಿ. ವೈರನ್ನು ಒಂದು ಮೂಲೆಯಲ್ಲಿ ನೇರವಾಗಿ ಇಳಿಸಿ, ಆ ರಾಶಿ ಎತ್ತಿದರೆ ಮುಂಗೋಡೆಯ ಅರ್ಧ ಕುರೂಪ ಅಂದೇ ಹೋಗುತ್ತದೆ. ಮೀಟರಿನ ವೈರನ್ನು ಮಾತ್ರ ಲೈನ್‌ಮನ್ ಕೈಯಿಂದಲೇ ಸರಿಮಾಡಿಸಬೇಕು.

ಹೊಳಲು, ಹಡಗಲಿ, ಹರಪನಹಳ್ಳಿ ಕಡೆ ಎರಡು ಜಾತಿಯ ಮನೆಗಳಿವೆ. ಒಂದು ಹಳೆಯ ಮಾಳಿಗೆ ಮನೆ. ಕಲ್ಲು ಮಣ್ಣಿನ ದಪ್ಪ ಗೋಡೆ, ತೊಲೆ, ಜಂತೆ, ಅದರ ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಹಿರಿಯರು ಚೌಳನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದೊಡನೆ ಜೇಡಿಯ ಸೂಕ್ಷ್ಮ ಕಣಗಳು ಉಬ್ಬಿ, ಬಿಡಿಬಿಡಿಯಾಗಿ ಹರಡಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗಗೊಡದೆ ಬೆಳೆಗೆ ಶಾಪವಾದ ಗುಣವೇ ಮಾಳಿಗೆಗೆ ವರವಾಯಿತು. ಇನ್ನೊಂದು ಇಟ್ಟಿಗೆ, ಸಿಮೆಂಟಿನ ಹೊಸ ಮನೆ. ಎಷ್ಟೋ ಕಡೆ ಹಣ ಮುಗಿದು ಹೊರಗಡೆ ಗಾರೆಯೇ ಆಗದೆ ಹಾಗೇ ನಿಂತಿರುತ್ತದೆ.

ಮಾಳಿಗೆ ಮನೆಯವರು ಸಾಮಾನ್ಯವಾಗಿ ಮಾಡುವ ‘ಸುಧಾರಣೆ’ ಎಂದರೆ ಮಣ್ಣಿನ ಗೋಡೆಯ ಮೇಲೆ ಸಿಮೆಂಟ್ ಗಾರೆ. ನಾನು ಇದನ್ನು ಖಂಡಿತ ಬೇಡ ಎನ್ನುತ್ತೇನೆ. ಮಣ್ಣಿನ ಗೋಡೆ ತೇವ ಹೀರುತ್ತದೆ, ಮತ್ತೆ ಬಿಸಿಲಿಗೆ ಬಿಟ್ಟುಕೊಡುತ್ತದೆ. ಹೀಗೆ ಸ್ವಲ್ಪ ಉಬ್ಬುತ್ತ ಕುಗ್ಗುತ್ತ ಇರುತ್ತದೆ. ಸಿಮೆಂಟ್ ಗಟ್ಟಿ, ಬಗ್ಗುವುದಿಲ್ಲ, ಆವಿಯನ್ನು ಸುಲಭವಾಗಿ ಹೊರಗೆ ಬಿಡುವುದೂ ಇಲ್ಲ. ಸಣ್ಣ ಬಿರುಕಿನಿಂದ ಒಳಗೆ ಹೋದ ನೀರು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೊರಗೆ ನೋಡಲು ಗೋಡೆ ಗಟ್ಟಿ, ಒಳಗೆ ಮಣ್ಣು ಮೆತ್ತಗಾಗುತ್ತಿರುತ್ತದೆ. ಒಂದು ದಿನ ಗಾರೆ ಹಲಗೆಯಂತೆ ಬೀಳುತ್ತದೆ. ಜಡಿಮಳೆಯಲ್ಲಿ ಗೋಡೆಯೇ ಬಿದ್ದರೆ ಹೋಗುವುದು ಅಂದವಲ್ಲ, ಜೀವ. ಅಂಥ ಗೋಡೆಗೆ ಹೊಟ್ಟು ಸೇರಿಸಿ ಕೊಳೆಹಾಕಿದ ಮಣ್ಣಿನ ಗಾರೆ ಅಥವಾ ಸುಣ್ಣದ ಗಾರೆ, ಅದರ ಮೇಲೆ ಸುಣ್ಣ, ಇದೇ ಸರಿ. ಸುಣ್ಣದ ಗಾರೆಯನ್ನು ಹಿಂದುಳಿದ ವಸ್ತು ಎನ್ನುವವರು ಹಂಪಿಯ ಕಮಲ ಮಹಲನ್ನು ಒಮ್ಮೆ ನೋಡಿ ಬರಬೇಕು. ಅಲ್ಲಿ ಕಮಾನುಗಳ ಮೇಲಿನ ಅಲಂಕಾರವೆಲ್ಲ ಸುಣ್ಣದ ಗಾರೆಯ ಕೆಲಸ.

ಮಣ್ಣೆಂದರೆ ಬಡತನ ಎಂಬ ನಾಚಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ. ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ (1900–1989) 1940ರ ದಶಕದಲ್ಲಿ ಲಕ್ಸರ್ ಹತ್ತಿರ ನ್ಯೂ ಗೂರ್ನಾ ಎಂಬ ಹಳ್ಳಿಯನ್ನು ಹಸಿ ಮಣ್ಣಿನ ಇಟ್ಟಿಗೆಯಿಂದ ಕಟ್ಟಿಸಿದರು. ಗುಮ್ಮಟ, ಕಮಾನು, ಅಂಗಳಗಳಿದ್ದ ಆ ಊರನ್ನು ಜಗತ್ತೇ ಹೊಗಳಿತು. ಆದರೆ ಯಾರಿಗಾಗಿ ಕಟ್ಟಿದರೋ ಆ ಜನರಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಅವರಿಗೆ ಹಳೆಯ ಊರು ಬಿಡಲು ಇಷ್ಟವಿರಲಿಲ್ಲವೆಂಬುದು ದೊಡ್ಡ ಕಾರಣ. ಅಂದವನ್ನು ಮನೆಯವರನ್ನು ಕೇಳದೆ ಹೊರಗಿನಿಂದ ತಂದು ಹೊದಿಸಲು ಆಗುವುದಿಲ್ಲ. ನಿಮ್ಮ ಮನೆಗೂ ಬಣ್ಣ ಆರಿಸುವಾಗ ಅಜ್ಜಿಯನ್ನು ಒಂದು ಮಾತು ಕೇಳಿ.

ಈಗ ಗೋಡೆಯ ಬುಡ. ದೀಪದ ಬತ್ತಿ ಎಣ್ಣೆ ಏರಿಸುವಂತೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ನೆಲದ ನೀರನ್ನು ಏರಿಸುತ್ತವೆ. ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಬರುವ ಕ್ಯಾಪಿಲರಿ ಕ್ರಿಯೆ ಇದೇ. ನೀರಿನೊಡನೆ ಮಣ್ಣಿನ ಲವಣವೂ ಏರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆರಿಹೋಗಿ ಲವಣ ಹರಳುಗಟ್ಟುತ್ತದೆ, ಆ ಹರಳುಗಳು ಬೆಳೆಯುತ್ತ ಬಣ್ಣವನ್ನು ಒಳಗಿನಿಂದ ತಳ್ಳುತ್ತವೆ. ಇದರ ಮೇಲೆ ಎಷ್ಟೇ ಬೆಲೆಯ ಬಣ್ಣ ಬಳಿದರೂ ಉಳಿಯದು. ಟೈಲ್ಸ್ ಅಂಟಿಸಿದರೆ ತೇವ ಟೈಲ್ಸಿಗಿಂತ ಮೇಲಕ್ಕೆ ಏರಿ ಅಲ್ಲಿ ಹೂವು ಬಿಡುತ್ತದೆ. ಊರೊಳಗೆ ಸಿಸಿ ರಸ್ತೆಯ ಮೇಲೆ ರಸ್ತೆ ಹಾಕಿ ಬೀದಿ ಎತ್ತರವಾದ ಕಡೆ ಈ ತೊಂದರೆ ಹೆಚ್ಚು. ಮಳೆನೀರು ಬೀದಿಯಿಂದ ಗೋಡೆಯ ಕಡೆಗೇ ಬರುತ್ತದೆ. ಮಾಡಬೇಕಾದದ್ದು ಇಷ್ಟೆ. ಗೋಡೆಗೆ ತಾಗಿ ಏರಿರುವ ಮಣ್ಣನ್ನು ತೆಗೆಯಿರಿ. ಸುತ್ತ ಎರಡು ಅಡಿ ಅಗಲ ನೆಲವನ್ನು ಗೋಡೆಯಿಂದ ಹೊರಕ್ಕೆ ಒಂದೆರಡು ಇಂಚು ಇಳಿಜಾರು ಮಾಡಿ. ಬಚ್ಚಲ ನೀರು, ಮಾಳಿಗೆಯ ದೋಣಿಯ ನೀರು ಬುಡದಲ್ಲಿ ಬೀಳದಂತೆ ದೂರ ಹರಿಸಿ. ಮೆತ್ತಗಾದ ಗಾರೆ ಕೆರೆದು, ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ ತೆಗೆದು, ಒಂದು ಬೇಸಿಗೆ ಪೂರ್ತಿ ಗೋಡೆ ಒಣಗಲು ಬಿಡಿ. ಉಪ್ಪನ್ನು ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಒಳಗೇ ಹೋಗುತ್ತದೆ.

ಮೇಲಿನ ಕಪ್ಪು ಗೆರೆಗಳಿಗೆ ಮದ್ದು ಮೇಸ್ತ್ರಿಯ ಅರ್ಧ ದಿನದ ಕೆಲಸ. ಪ್ಯಾರಾಪೆಟ್ ತಲೆಯ ಮೇಲೆ ಕೂತ ಧೂಳು ಮಳೆಯಲ್ಲಿ ತೊಳೆದು ಹೊರಗೋಡೆಗೆ ಇಳಿಯುತ್ತದೆ, ತೇವದಲ್ಲಿ ಪಾಚಿ ಬೆಳೆದು ಕಪ್ಪಾಗುತ್ತದೆ. ಆ ತಲೆಯನ್ನು ಒಳಗಡೆಗೆ ಇಳಿಜಾರು ಮಾಡಿಸಿ. ಛಜ್ಜಾದ ಅಡಿಯಲ್ಲಿ, ಅಂಚಿಗೆ ಹತ್ತಿರ, ಉದ್ದಕ್ಕೂ ಬೆರಳಗಲದ ಒಂದು ಗಾಡಿ ಕೊರೆಸಿ. ನೀರು ಅದನ್ನು ದಾಟಿ ಗೋಡೆಗೆ ಬರಲಾರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಇಷ್ಟಾದ ಮೇಲೆ ಸುಣ್ಣ. ಸುಣ್ಣದ ಕಲ್ಲು ಕ್ಯಾಲ್ಸಿಯಂ ಕಾರ್ಬೊನೇಟ್. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಒಂದು ಮೋಲ್‌ಗೆ ಸುಮಾರು 65 ಕಿಲೋಜೂಲ್ ಶಾಖ ಬಿಡುಗಡೆಯಾಗುವ ಕ್ರಿಯೆ ಇದು. ಗೋಡೆಗೆ ಬಳಿದ ಮೇಲೆ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಗೋಡೆಯ ಮೇಲೆ ತೆಳುವಾದ ಕಲ್ಲಿನ ಪದರ ಬೆಳೆದಂತೆಯೇ ಸರಿ. ಆದರೆ ಈ ಕ್ರಿಯೆಗೆ ತೇವ ಬೇಕು. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಲ್ಲಿ ನಡುಮಧ್ಯಾಹ್ನ ಬಳಿದ ಸುಣ್ಣ ಗಟ್ಟಿಯಾಗುವ ಮೊದಲೇ ಒಣಗುತ್ತದೆ, ಒರಗಿದವರ ಅಂಗಿಗೆಲ್ಲ ಹತ್ತುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರ್, ನವೆಂಬರ್‌ನಲ್ಲಿ ಬಳಿದದ್ದು ಹೆಚ್ಚು ಬಾಳುತ್ತದೆ.

ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಒಂದು ದಿನ ಪೂರ್ತಿ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಸ್ವಲ್ಪ ಗೋಂದು ಸೇರಿಸಬೇಕು. ಗೋಡೆಗೆ ಮೊದಲು ನೀರು ಚಿಮುಕಿಸಿ. ಹಾಲಿನಷ್ಟು ತೆಳುವಾಗಿ ಎರಡು ಮೂರು ಕೈ ಬಳಿಯಿರಿ. ದಪ್ಪಗೆ ಒಂದೇ ಕೈ ಬಳಿದರೆ ಸಿಪ್ಪೆ ಏಳುತ್ತದೆ. ಎಣ್ಣೆ ಬಣ್ಣ, ಎಮಲ್ಷನ್ ಇರುವ ಗೋಡೆಯನ್ನು ಮೊದಲು ಕೆರೆಯದಿದ್ದರೆ ಸುಣ್ಣ ಹಿಡಿಯದು. ಬಿಳಿ ಬೇಡವೆಂದರೆ ಕೆಮ್ಮಣ್ಣು, ಹಳದಿ ಮಣ್ಣು ಬೆರೆಸಬಹುದು. ಅವುಗಳ ಬಣ್ಣ ಕಬ್ಬಿಣದ ಆಕ್ಸೈಡಿನದು, ಸುಣ್ಣದ ತೀಕ್ಷ್ಣ ಕ್ಷಾರಕ್ಕೆ ಕೆಡುವುದಿಲ್ಲ. ಸುಣ್ಣ ಕುದಿಸುವಾಗ ಪ್ಲಾಸ್ಟಿಕ್ ಬಕೆಟ್ ಬೇಡ, ಕನ್ನಡಕವಿಲ್ಲದೆ ಬಗ್ಗಿ ನೋಡಬೇಡಿ, ಚಿಕ್ಕ ಮಕ್ಕಳನ್ನು ದೂರವಿಡಿ. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಓಡಬೇಕು.

ಡಬ್ಬಿ ಬಣ್ಣವೇ ಬೇಕೆನ್ನುವವರಿಗೆ ಒಂದು ಮಾತು. ಮನೆ ಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿಗಳ ಎಣ್ಣೆ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ಒದ್ದೆ ಮಾಡಿ ಕೆರೆಯಿರಿ. ಸೀಸದ ಧೂಳು ಚಿಕ್ಕ ಮಕ್ಕಳ ಮೆದುಳಿಗೆ ಕೆಟ್ಟದ್ದು.

ಬಣ್ಣಕ್ಕೆ ಶಕ್ತಿಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಲ್ಬೇನಿಯಾದ ರಾಜಧಾನಿ ಟಿರಾನಾದಲ್ಲಿ 2000ದಲ್ಲಿ ಮೇಯರ್ ಆದ ಚಿತ್ರಕಲಾವಿದ ಎಡಿ ರಾಮ ಬೂದು ಬಣ್ಣದ ಹಳೆಯ ವಸತಿ ಕಟ್ಟಡಗಳಿಗೆ ಕಿತ್ತಳೆ, ಹಳದಿ, ನೇರಳೆ ಬಳಿಸಿ ಊರಿನ ಮುಖವನ್ನೇ ಬದಲಿಸಿದರು. ಆದರೆ ನಮ್ಮ ಸುಡುಬಿಸಿಲಿನಲ್ಲಿ ಪಶ್ಚಿಮದ ಗೋಡೆಗೆ ಗಾಢ ಬಣ್ಣ ಬಳಿದರೆ ರಾತ್ರಿ ಒಳಗೆ ಮಲಗಿದವರಿಗೇ ಕಷ್ಟ. ಗೋಡೆ ತಿಳಿ ಬಣ್ಣವಿರಲಿ, ಬಾಗಿಲು ಮತ್ತು ಕಿಟಕಿಯ ಚೌಕಟ್ಟು ಗಾಢವಿರಲಿ. ಕಟ್ಟೆಯ ಅಂಚಿಗೆ ಒಂದು ಕೆಮ್ಮಣ್ಣಿನ ಪಟ್ಟಿ ಸಾಕು. ಮೂರಕ್ಕಿಂತ ಹೆಚ್ಚು ಬಣ್ಣ ನನಗಂತೂ ಜಾತ್ರೆಯ ಅಂಗಡಿಯಂತೆ ಕಾಣುತ್ತದೆ, ಒಪ್ಪದವರು ಒಪ್ಪದಿರಬಹುದು. ಗಾರೆಯಾಗದ ಇಟ್ಟಿಗೆ ಮನೆಯವರು ಹಣ ಬರುವ ತನಕ ಸಂದುಗಳನ್ನು ನೀಟಾಗಿ ತುಂಬಿಸಿ ಇಟ್ಟಿಗೆಯನ್ನೇ ಕಾಣಬಿಡಬಹುದು. ಬಾಗಿಲ ಪಕ್ಕ, ಗೋಡೆಯಿಂದ ಎರಡು ಮೂರು ಅಡಿ ದೂರದಲ್ಲಿ, ಒಂದು ಮಲ್ಲಿಗೆ ಬಳ್ಳಿ ನೆಡಿ. ಹಡಗಲಿ ಮಲ್ಲಿಗೆಯ ಸೀಮೆಯಲ್ಲಿದ್ದು ಪ್ಲಾಸ್ಟಿಕ್ ಹೂವಿನ ಹಾರ ತೂಗಿಹಾಕುವುದು ತರವಲ್ಲ.

ವಿಜ್ಞಾನ ವಿಭಾಗದವರಿಗೆ ಒಂದು ಪ್ರಯೋಗ. ಎರಡು ಹಳೆಯ ಇಟ್ಟಿಗೆಗೆ ಒಂದೇ ದಿನ ಒಂದೇ ಸುಣ್ಣ ಬಳಿಯಿರಿ. ಒಂದನ್ನು ನೆರಳಿನಲ್ಲಿಟ್ಟು ದಿನಕ್ಕೆರಡು ಸಲ ನೀರು ಚಿಮುಕಿಸಿ, ಇನ್ನೊಂದನ್ನು ಬಿಸಿಲಲ್ಲಿ ಒಣಗಿಸಿ. ಹತ್ತು ದಿನದ ನಂತರ ಎರಡರಿಂದಲೂ ಸ್ವಲ್ಪ ಸುಣ್ಣ ಕೆರೆದು, ಒದ್ದೆ ಮಾಡಿ, ಪ್ರಯೋಗಾಲಯದ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ. ಗುಲಾಬಿ ಬಣ್ಣ ಬಂದರೆ ಸುಣ್ಣ ಇನ್ನೂ ಕ್ಯಾಲ್ಸಿಯಂ ಹೈಡ್ರಾಕ್ಸೈಡಾಗಿಯೇ ಉಳಿದಿದೆ. ಬಣ್ಣ ಬಾರದಿದ್ದರೆ ಕಲ್ಲಾಗಿದೆ. ನಂತರ ಎರಡೂ ಇಟ್ಟಿಗೆಗಳ ಮೇಲೆ ಕಪ್ಪು ಬಟ್ಟೆ ಉಜ್ಜಿ, ಯಾವುದು ಎಷ್ಟು ಹತ್ತಿತೆಂದು ನೋಡಿ ದಾಖಲೆ ಪುಸ್ತಕದಲ್ಲಿ ಬರೆಯಿರಿ.